ಕಪ್ಪಾದ ತಾಮ್ರ

"ಇದು ಬಿದ್ದಾಗ ಹರಿದ ವೈರ್ ಅಲ್ಲರಿ, ಸಾವ್ಕಾರ್ರ," ಎಂದ ಬಾದಾಮಿಯ ಮೆಕ್ಯಾನಿಕ್ ರಾಜೇಸಾಬ. ಪೆಟ್ರೋಲ್ ಟ್ಯಾಂಕ್ ಕಳಚಿ, ಹೆಡ್‌ಲೈಟಿಗೆ ಹೋಗುವ ವೈರನ್ನು ಎಳೆದು ತೋರಿಸಿದ. "ಆವಾಗ ಹರಿದಿದ್ರ ತಾಮ್ರ ಹೊಳೀತಿತ್ತು. ಇದು ಟ್ಯಾಂಕಿಗೆ ತಿಕ್ಕಿ ತಿಕ್ಕಿ ಸುಟ್ಟು ಕಪ್ಪಾಗೇತಿ. ಬೀಳೂಕಿಂತ ಮೊದಲ ಲೈಟ್ ಹೋಗಿತ್ತರಿ."

ಖಣದ ಬಟ್ಟೆಯ ವ್ಯಾಪಾರಿ ಅಂದಾನಪ್ಪ ಬಗ್ಗಿ ನೋಡಿದ. ಸತ್ತ ಮಗನ ಮೋಟಾರ್ ಸೈಕಲ್ಲನ್ನು ಮಾರಿಬಿಡಬೇಕೆಂದು ರಿಪೇರಿಗೆ ತಂದಿದ್ದ. ಗುಳೇದಗುಡ್ಡದ ದಾರಿಯಲ್ಲಿ ಮುಸ್ಸಂಜೆಗೆ ಎತ್ತಿನ ಬಂಡಿಯೊಂದು ರಸ್ತೆ ದಾಟುವಾಗ ಮಗ ಅದಕ್ಕೆ ಬಡಿದು ಬಿದ್ದಿದ್ದ. "ನಿಮ್ಮ ಮಗನ ಗಾಡಿಗೆ ಲೈಟ್ ಇರಲಿಲ್ಲರಿ ಯಪ್ಪಾ, ನನಗ ಕಾಣಲಿಲ್ಲ," ಎಂದು ಬಂಡಿ ಹೊಡೆಯುತ್ತಿದ್ದ ಅಮಸಿದ್ದಪ್ಪ ಕಾಲು ಹಿಡಿದು ಅತ್ತಾಗ, ಅಂದಾನಪ್ಪ ಊರವರೆದುರು ಅವನ ಮುಖಕ್ಕೆ ಉಗುಳಿದ್ದ. ಅಮಸಿದ್ದಪ್ಪನ ಮೇಲಿನ ಕೇಸು ಇನ್ನೂ ನಡೆದಿತ್ತು.

"ಹೊಸಾ ವೈರ್ ಹಾಕ್ಲೇನ್ರಿ?"

"ಬ್ಯಾಡ, ಹಂಗ ಇರಲಿ." ಅಂದಾನಪ್ಪ ವೈರಿನ ಕಪ್ಪು ತುದಿಯನ್ನು ಬೆರಳಿಂದ ಮೆಲ್ಲಗೆ ಮುಟ್ಟಿದ. ಆಮೇಲೆ ಕೇಳಿದ: "ಕೋರ್ಟಿಗೆ ಬಂದು ಇದನ್ನ ಹೇಳ್ತೀಯೇನು?"

ರಾಜೇಸಾಬ ಅಳುಕಿದ. "ಯಾರ ಕಡಿಂದ್ರಿ?"

"ಅಮಸಿದ್ದಪ್ಪನ ಕಡಿಂದ," ಎಂದ ಅಂದಾನಪ್ಪ. "ನಿನಗಿಂತ ಮೊದಲ ನಾ ಹೇಳ್ತೇನಿ."