ಮೂರನೆಯ ಹಲಗೆ

ಫಟ್ ಎಂದಿತು. ಎರಡು ಸ್ಟೂಲುಗಳ ನಡುವೆ ಹಾಸಿದ್ದ ಹಲಗೆ ಎರಡು ತುಂಡಾಗಿ, ಅಮ್ಮ ನೆಲದ ಮೇಲಿದ್ದಳು. ಒಂದು ಗಳಿಗೆ ಕಣ್ಣು ಪಿಳಿಪಿಳಿ ಮಾಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಎರಡನೇ ಸಲ ಕಣೇ! ಇನ್ನೊಂದು ಸಲ ಬಿದ್ದರೆ ಗುಜರಿಗೆ ಹೋಗೋದು ನಿನ್ನ ಮಷೀನಲ್ಲ, ನನ್ನ ಸೊಂಟ."

ಮಗಳಿಗೆ ನಗು ಬರಲಿಲ್ಲ. ಹಾಲಿನ ಕವರು, ಬಾಟಲಿ ಮುಚ್ಚಳ, ಒಡೆದ ಬಕೆಟ್ಟು, ಸಿಕ್ಕಿದ್ದನ್ನೆಲ್ಲ ಮಷೀನಿನಲ್ಲಿ ಕರಗಿಸಿ ಹಲಗೆ ಮಾಡುವ ಹುಚ್ಚು ಅವಳದು. ಆದರೆ ಈ ಪ್ಲಾಸ್ಟಿಕ್ಕುಗಳು ಜಗಳವಾಡಿದ ದಾಯಾದಿಗಳ ಹಾಗೆ. ಒಂದೇ ಒಲೆಯಲ್ಲಿ ಬೆಂದರೂ ಒಂದಾಗುವುದಿಲ್ಲ. ಬಲ ಬರಲೆಂದು ಗೋಡೆಯಾಚೆಯ ಅಪ್ಪನ ಮರಗೆಲಸದ ಶೆಡ್ಡಿನಿಂದ ಮರದ ಹೊಟ್ಟು ತಂದು ಬೆರೆಸಿದ್ದಳು. ಆದರೂ ಹೀಗೆ. ಈ ಹಲಗೆಯಿಂದ ಆಸ್ಪತ್ರೆಗೆ ಬೆಂಚು ಮಾಡಿಕೊಡುವ ಮಾತಾಗಿತ್ತು; ನಾಳೆ ಬೆಳಿಗ್ಗೆ ಅಲ್ಲಿನ ಮೇಲ್ವಿಚಾರಕಿ ನೋಡಲು ಬರುವವಳಿದ್ದಳು. ಬೆಂಚು ತಡೆಯದಿದ್ದರೆ ಕಬ್ಬಿಣದ್ದೇ ತರಿಸುತ್ತೇನೆಂದು ಹೇಳಿಯಾಗಿತ್ತು.

ಸದ್ದು ಕೇಳಿ ಅಪ್ಪ ಬಂದು ಹೊಸಿಲಾಚೆಯೇ ನಿಂತ. ಕಿವಿಯ ಮೇಲೆ ಎಂದಿನ ಪೆನ್ಸಿಲ್. "ಮರವಲ್ಲದ್ದರ ಮೇಲೆ ಇದು ಗೆರೆ ಎಳೆಯೋದಿಲ್ಲ" ಎಂದು ಮಷೀನು ಬಂದ ದಿನವೇ ಹೇಳಿದ್ದ. ಈಗ ಕಾಲ ಬಳಿ ಬಂದು ಬಿದ್ದಿದ್ದ ತುಂಡನ್ನು ಎತ್ತಿ, ಮುರಿದ ಕಡೆ ನೋಡಿದ. ಒಳಗೆಲ್ಲ ಜೇನುಗೂಡಿನಂತೆ ತೂತು.

"ಹೊಟ್ಟು ಹಸಿಯಿತ್ತು ಪುಟ್ಟೀ. ಕಾವು ತಾಗಿದ್ದೇ ತಡ, ಒಳಗಿನ ನೀರು ಹಬೆಯಾಗಿ ಉಬ್ಬಿದೆ."

"ಹಸಿಯಾ? ಒಣಗಿದ ಮರ ಬಿಟ್ಟು ನೀವು ಬೇರೆ ಮುಟ್ಟೋದೇ ಇಲ್ಲವಲ್ಲಪ್ಪಾ!"

"ಮರ ಒಣಗಿದ್ದೇ." ಅಪ್ಪ ಮೆಲ್ಲಗೆ ಅಮ್ಮನ ಕಡೆ ತಿರುಗಿದ.

ಅಮ್ಮನ ನಗು ನಿಂತಿತು. "ಧೂಳು ಏಳುತ್ತಲ್ಲಾ ಅಂತ... ಶೆಡ್ಡು ಗುಡಿಸೋ ಮುಂಚೆ ಒಂದು ಚೊಂಬು ನೀರು ಚಿಮುಕಿಸ್ತೀನಿ. ಮೂವತ್ತು ವರ್ಷದಿಂದ."

"ಹಾಗಾದ್ರೆ ನಿನ್ನ ಬೀಳಿಸಿದ್ದು ನೀನೇ" ಎಂದ ಅಪ್ಪ. ಈ ಸಲ ಮಗಳೂ ನಕ್ಕಳು.

ಅಮ್ಮ ದೊಡ್ಡ ಬಾಣಲೆಯಿಟ್ಟು, ಬಾಯಲ್ಲಿ ದೇವರ ನಾಮ, ಕೈಯಲ್ಲಿ ಸೌಟು, ಸಣ್ಣ ಉರಿಯಲ್ಲಿ ಹೊಟ್ಟು ಹುರಿದಳು. "ಸೀಯಿಸಬೇಡ ಕಣೇ" ಎಂದು ಅಪ್ಪ ಹೊಸಿಲಾಚೆಯಿಂದಲೇ ಎರಡು ಸಲ ಕೂಗಿದ. ಮುಷ್ಟಿ ಬಿಚ್ಚಿದರೆ ಬೆರಳಿಗಂಟದೆ ಉದುರುವಷ್ಟು ಒಣಗಿದ ಮೇಲೆ ಮಗಳು ಅದನ್ನು ಬೆರೆಸಿ ಅಚ್ಚಿಗೆ ತುಂಬಿದಳು.

ಸಂಜೆಗೆ ಮೂರನೆಯ ಹಲಗೆ ತಣಿಯಿತು. "ಭಗವಂತಾ, ನೀನೇ ಹಿಡ್ಕೋ" ಎಂದು ಅಮ್ಮ ಕುಳಿತಳು. ಜಗ್ಗಲಿಲ್ಲ. ಪಕ್ಕದಲ್ಲಿ ಮಗಳು ಕುಳಿತಳು. ಆಗಲೂ ಜಗ್ಗಲಿಲ್ಲ.

"ಬನ್ನೀಂದ್ರೆ, ಹೊಸಿಲು ಕಾದದ್ದು ಸಾಕು" ಎಂದಳು ಅಮ್ಮ.

ಅಪ್ಪ ಒಳಗೆ ಬಂದ. ಕೂರಲಿಲ್ಲ. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿ ಕಿವಿಗೊಟ್ಟ, ಬಗ್ಗಿ ಮೂಸಿದ.

"ಕಾಲು ಎಲ್ಲಿ ಕೂರಿಸೋಣ ಅಂತಿದ್ದೀಯಾ?"

ಮಗಳು ಬಾಯಿ ತೆರೆಯುವ ಮೊದಲೇ ಅವನ ಕೈ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಗಿತ್ತು.