ಮಂಗಳಕ್ಕೊಂದು ದೃಷ್ಟಿಬೊಟ್ಟು

ಕಂಪ್ಯೂಟರಿನಲ್ಲಿ ಬೇರೆ ಗ್ರಹದ ನೋಟ ಬರೆದವರು ಅಲ್ಲಿ ವಾಸವಿರುವವರಿಂದ ಅದನ್ನು ಕಲ್ಲುಕಲ್ಲಿಗೂ ತಾಳೆ ನೋಡಿಸಬೇಕೆಂಬುದು ನಿಯಮ. ಆಮೇಲಷ್ಟೇ ಚಿತ್ರ ಪ್ರದರ್ಶನದ ಗೋಡೆ ಏರುವುದು. ಗದಗಿನ ಗುರುಸಿದ್ದವ್ವನ ಎರಡು ಚಿತ್ರಗಳು ಆಗಲೇ ತಿರಸ್ಕಾರವಾಗಿದ್ದವು. ಮಂಗಳ ಗ್ರಹದ ಈ ಮೂರನೆಯದೂ ಹೋದರೆ ಚಿತ್ರಗಾರರ ಪರವಾನಗಿಯ ಆಸೆ ಬಿಟ್ಟಂತೆಯೇ.

ಮಂಗಳದಲ್ಲೇ ವಾಸವಿದ್ದು ತಪಾಸಣೆ ಮಾಡುವ ಹಬೀಬಸಾಬರ ದನಿ ಬಂದಾಗ ಅವಳು ಚಿತ್ರವನ್ನು ಎದುರಿಗೆ ತೆರೆದಿಟ್ಟುಕೊಂಡಳು.

"ಅಕ್ಕಾರ, ಮುಳುಗೋ ಸೂರ್ಯನ ಸುತ್ತ ನೀಲಿ ಬೆಳಕು ಹಾಕೀರಲ್ಲ, ಥೇಟ್ ನಮ್ಮ ಸಂಜೀನ. ಕಲ್ಲೂ ಎಲ್ಲಾ ಕೂಡತಾವ. ಆದರ ಎಡಕ್ಕ ಮೂಲ್ಯಾಗ ಒಂದು ಕರೀ ಗುಂಡುಕಲ್ಲು ಐತಿ. ಅದು ಇಲ್ಲಿಲ್ಲ."

ಗುರುಸಿದ್ದವ್ವ ನಾಲಿಗೆ ಕಚ್ಚಿಕೊಂಡಳು.

"ಸಾಹೇಬ್ರ, ಅದು ಕಲ್ಲಲ್ರೀ, ದೃಷ್ಟಿಬೊಟ್ಟು. ಚಿತ್ರ ಭಾಳ ಛಲೋ ಬಂದಿತ್ತು, ಕೈ ತಡೀಲಿಲ್ಲ. ಅಳಿಸಿ ಕಳಸ್ಲೇನ್ರಿ?"

ಮಾತು ಅಲ್ಲಿಗೆ ಹೋಗಿ ಬರಲು ಅರ್ಧ ತಾಸು ಸಾಕು. ಅಂದು ಎರಡು ತಾಸಾದರೂ ಉತ್ತರವಿಲ್ಲ. ಚಹಾಕ್ಕಿಟ್ಟವಳು ಸೋಸುವುದನ್ನೇ ಮರೆತಳು. ಕೊನೆಗೆ ಹಬೀಬಸಾಬರ ಏದುಸಿರಿನ ದನಿ ಬಂತು.

"ಕಳಿಸಿದ ಮ್ಯಾಲೆ ತಿದ್ದಾಕ ಬರಂಗಿಲ್ಲವಾ ತಂಗಿ. ಅದಕ್ಕ ನಾವು ನಾಕು ಮಂದಿ ಹೊರಗ ಹೋಗಿ, ಒಂದು ಕರೀ ಗುಂಡು ಉಳ್ಳಿಸ್ಕೊಂಡು ಬಂದು ಅಲ್ಲೇ ಇಟ್ಟೀವಿ. ಈಗ ನಿನ್ನ ಚಿತ್ರ ಪಾಸ್. ಇಷ್ಟು ಛಂದ ಊರಿಗೆ ಇಷ್ಟು ದಿನ ಒಂದು ಬೊಟ್ಟೂ ಇರಲಿಲ್ಲ ನೋಡು."