ಹಗುರ ಪಿಸ್ತೂಲು

ಅಕ್ಕನ ಪಕ್ಕದ ಜಾಗವೇ ಬೇಕೆಂದು ತಂಗಿ ಕೇಳಿದಾಗ ಕೋಚ್ ಹುಬ್ಬೇರಿಸಿದರು. ಶೂಟಿಂಗ್ ರೇಂಜಿನಲ್ಲಿ ಉಳಿದ ಜಾಗಗಳೆಲ್ಲ ಖಾಲಿ ಬಿದ್ದಿದ್ದವು.

"ಯಾಕೆ, ಅವಳಿಗೆ ಕಣ್ಣು ಹಾಕೋಕಾ?"

"ಇಲ್ಲ ಸರ್. ಅಲ್ಲಿ ಬೆಳಕು ಚೆನ್ನಾಗಿದೆ."

ಬೆಳಕು ಎಲ್ಲ ಕಡೆಯೂ ಒಂದೇ ಆಗಿತ್ತು. ಅದು ಅವರಿಗೂ ಗೊತ್ತಿತ್ತು. ಏನೋ ಗೊಣಗಿ ಒಪ್ಪಿದರು.

ತಂಡದಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ. ವರ್ಷಗಳಿಂದ ಅದು ಅಕ್ಕನದು. ಆದರೆ ಮಣಿಕಟ್ಟಿನ ಆಪರೇಷನ್ ಆದಮೇಲೆ ಹಳೆಯ ಪಿಸ್ತೂಲಿನ ಭಾರಕ್ಕೆ ಅವಳ ಕೈ ಜೋಲುತ್ತಿತ್ತು. ಹಾಗಾಗಿ ಕ್ಲಬ್ಬಿನವರು ಪರೀಕ್ಷೆಗೆಂದು ಅಂಗಡಿಯಿಂದ ಒಂದು ಹಗುರ ಪಿಸ್ತೂಲು ತರಿಸಿದ್ದರು. ಅಕ್ಕ ಅದರಲ್ಲಿ, ತಂಗಿ ಹಳೆಯದರಲ್ಲಿ ತಮ್ಮ ತಮ್ಮ ಗುರಿಹಾಳೆಗೆ ಹತ್ತು ಹತ್ತು ಗುಂಡು ಹೊಡೆಯಬೇಕು. ಅಕ್ಕನ ಹಾಳೆ ಚೆನ್ನಾಗಿ ಬಂದರೆ ಪಿಸ್ತೂಲೂ ಉಳಿಯುತ್ತದೆ, ಸ್ಥಾನವೂ ಉಳಿಯುತ್ತದೆ. ಇಲ್ಲವಾದರೆ ಪಿಸ್ತೂಲು ಅಂಗಡಿಗೆ, ಸ್ಥಾನ ತಂಗಿಗೆ.

ಈ ಸುದ್ದಿ ಮನೆಗೆ ಬಂದಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತ್ತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೇ ಚೆನ್ನಾಗಿತ್ತು. ಒಂದೇ ಕೋಣೆ, ಒಂದೇ ಕನ್ನಡಿ. ಒಬ್ಬಳು ತಲೆ ಬಾಚಿಕೊಂಡು ಮುಗಿಸುವವರೆಗೆ ಇನ್ನೊಬ್ಬಳು ಗೋಡೆ ನೋಡುತ್ತ ಕಾಯುವುದು. ಅವಳಿಗೆ ಹೇಳು, ಇವಳಿಗೆ ಹೇಳು ಎಂಬುದನ್ನೆಲ್ಲ ಹೊತ್ತು ಹೊತ್ತು ಅಮ್ಮನಿಗೆ ಸಾಕಾಗಿತ್ತು. ಬೆಳಿಗ್ಗೆ ಇಬ್ಬರೂ ಹೊರಟಾಗ ಯಾರಿಗೆ ಒಳ್ಳೆಯದಾಗಲಿ ಅನ್ನಬೇಕೆಂದು ತಿಳಿಯದೆ ಬಾಗಿಲು ಹಾಕಿಕೊಂಡಿದ್ದಳು.

ತಂಗಿಗೆ ದುಃಖವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಮನಸ್ಸು ಹಾಗಿತ್ತು. ಮುಟ್ಟಿ ನೋಡಿದರೆ ಇದೆ ಎಂದು ಗೊತ್ತಾಗುತ್ತದೆ, ಅಷ್ಟೆ.

ಕೋಚ್ ಹೊಸ ಪಿಸ್ತೂಲಿನ ಮ್ಯಾಗಜಿನ್ ತೆಗೆದು, ಒಳಗೆ ಗುಂಡಿಲ್ಲವೆಂದು ನೋಡಿ, ಅಕ್ಕನ ಕೈಗಿಟ್ಟರು. ಗುಂಡಿನ ಗಾತ್ರ ಹಳೆಯದರದ್ದೇ. ಒಂದು ಹಾರಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುತ್ತದೆ, ಅದೂ ಹಳೆಯದರಂತೆಯೇ. ವ್ಯತ್ಯಾಸವೆಲ್ಲ ತೂಕದಲ್ಲಿ.

"ಹಗುರ ಅಂದ ಮಾತ್ರಕ್ಕೆ ಒಳ್ಳೇದು ಅಂತ ಅಲ್ಲ ಕಣಮ್ಮ. ಭಾರ ಇದ್ರೆ ಕೈ ಸೋಲುತ್ತೆ, ಭಾರ ಇಲ್ದಿದ್ರೆ ಮೂತಿ ಕುಣಿಯುತ್ತೆ."

ಅಕ್ಕ ಕಣ್ಣು ಮುಚ್ಚಿ ಕೈ ಎತ್ತಿದಳು. ಕಣ್ಣು ತೆರೆದು ಮೂತಿ ಎಲ್ಲಿ ನಿಂತಿದೆ ಎಂದು ನೋಡಿದಳು. ಮತ್ತೆ ಎತ್ತಿದಳು. ಗುಂಡಿಲ್ಲದೆಯೇ ಟ್ರಿಗರ್ ಎಳೆದಳು. ಟಿಕ್ಕೆಂದಿತು, ಮೂತಿ ಕದಲಲಿಲ್ಲ. ಹೇಗಿದೆ ಎಂದು ಕೋಚ್ ಕೇಳಿದರು.

"ಕೈಯಲ್ಲಿ ಏನೂ ಇಲ್ಲವೇನೋ ಅನ್ಸುತ್ತೆ ಸರ್. ನಂಬಿಕೆ ಬರ್ತಿಲ್ಲ."

ತಂಗಿ ಅದನ್ನು ಕೇಳಿಸಿಕೊಂಡಳು. ತನ್ನ ಪಿಸ್ತೂಲಿನ ಹಿಡಿ ಒರೆಸಿದಳು, ಮತ್ತೊಮ್ಮೆ ಒರೆಸಿದಳು.

ಶುರುವಿಗೆ ಮುಂಚೆ ಕೋಚ್ ಎಂದಿನ ಪಾಠ ಒಪ್ಪಿಸಿದರು. ಹಾಳೆಯ ಮೇಲಿನ ಸಂಖ್ಯೆ ನೋಡಿಕೊಳ್ಳಬೇಕು. ಹಿಂದೆ ಒಬ್ಬಳು ಗಾಬರಿಯಲ್ಲಿ ಪಕ್ಕದವಳ ಹಾಳೆಗೆ ಹೊಡೆದು ಪಕ್ಕದವಳನ್ನೇ ಗೆಲ್ಲಿಸಿದ್ದಳಂತೆ. ಹೊಡೆದವಳಿಗೆ ಸೊನ್ನೆ. ಯಾವ ತೂತು ಯಾರದೆಂದು ಗೊತ್ತಾಗದಿದ್ದರೆ ಹಾಳೆಯ ಒಡತಿಗೆ ಒಳ್ಳೆಯ ತೂತುಗಳೇ ಲೆಕ್ಕ. ಪ್ರತಿ ಸಲವೂ ಈ ಕಥೆ ಇರುತ್ತಿತ್ತು. ಪ್ರತಿ ಸಲವೂ ಅವರೊಬ್ಬರೇ ನಗುತ್ತಿದ್ದರು.

ಇಬ್ಬರೂ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡು ನಿಂತರು. ಕೋಚ್ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ, ಕಿವಿ ಮುಚ್ಚಿದವರಿಗೂ ಕೇಳುವಷ್ಟು ಜೋರಾಗಿ ಹೇಳಿದರು: "ಏನಮ್ಮಾ, ಇಬ್ಬರೂ ಸೊಟ್ಟಗೆ ನಿಂತಿದೀರಾ? ಇಷ್ಟು ದಿನ ಮುಖ ತಿರುಗಿಸ್ಕೊಂಡಿದ್ದೋರು ಈಗ ಒಬ್ಬರ ಕಡೆ ಒಬ್ಬರು ವಾಲ್ತಿದೀರಲ್ಲ."

"ಹೀಗೆ ನಿಂತ್ರೆ ಮಣಿಕಟ್ಟಿಗೆ ಆರಾಮ ಸರ್," ಎಂದಳು ಅಕ್ಕ.

ಕೋಚ್ ಅಕ್ಕನ ಬೆನ್ನ ಹಿಂದೆ ನಿಂತು ಅವಳ ಮಣಿಕಟ್ಟಿನ ಮೇಲೆಯೇ ಕಣ್ಣು ನೆಟ್ಟರು. ಅವರಿಗೆ ಬೇಕಾಗಿದ್ದದ್ದು ಅದೇ. ಹಾಳೆಗಳಂತೂ ಇಷ್ಟು ದೂರದಿಂದ ಎರಡು ಕಪ್ಪು ಚುಕ್ಕೆಗಳು.

ತಂಗಿ ಉಸಿರು ಅರ್ಧ ಬಿಟ್ಟು ಹಿಡಿದಳು. ಹಳೆಯ ಪಿಸ್ತೂಲು ಭುಜದವರೆಗೂ ಎಳೆಯಿತು. ಅವಳು ಇಷ್ಟು ಶ್ರದ್ಧೆಯಿಂದ ಯಾವತ್ತೂ ಹೊಡೆದಿರಲಿಲ್ಲ. ಒಂದು ಹೋಯಿತು, ಇನ್ನೊಂದು ಹೋಯಿತು. ಪಕ್ಕದಲ್ಲಿ ಹೊಸ ಪಿಸ್ತೂಲು ತೆಳ್ಳಗಿನ ಸದ್ದಿನಲ್ಲಿ ಸಿಡಿಯುತ್ತಿತ್ತು. ಅವಳು ಅತ್ತ ನೋಡಲಿಲ್ಲ. ಹತ್ತನ್ನೂ ಎಲ್ಲಿಗೆ ಕಳಿಸಬೇಕೋ ಅಲ್ಲಿಗೇ ಕಳಿಸಿ ಕೈ ಇಳಿಸಿದಳು.

ಕೋಚ್ ಹೋಗಿ ಎರಡೂ ಹಾಳೆ ಬಿಚ್ಚಿಕೊಂಡು ಬಂದರು. ಬರುವಾಗಲೇ ಅವರ ನಡಿಗೆ ನಿಧಾನವಾಗಿತ್ತು.

ಅಕ್ಕನ ಹಾಳೆಯಲ್ಲಿ ತೂತುಗಳು ಎಂಟರ, ಒಂಬತ್ತರ ವೃತ್ತಗಳಲ್ಲಿ, ಒಂದಂತೂ ಏಳರಲ್ಲಿ. ಜಾಳುಜಾಳು. ತಂಗಿಯ ಹಾಳೆಯಲ್ಲಿ ನಟ್ಟನಡುವೆ ಒಂದೇ ತೂತು ಕಿತ್ತುಹೋದಂತಿತ್ತು, ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು.

"ಮಣಿಕಟ್ಟು ಗಟ್ಟಿಯಾಗೇ ಇತ್ತು. ತಪ್ಪು ನಿಂದಲ್ಲ, ಪಿಸ್ತೂಲೇ ಸರಿಯಿಲ್ಲ," ಎಂದು ಕೋಚ್ ಅಕ್ಕನಿಗೆ ಹೇಳಿದರು. ಇವತ್ತೇ ವಾಪಸ್ ಕಳಿಸುವುದಾಗಿ, ತಂಡಕ್ಕೆ ತಂಗಿಯ ಹೆಸರನ್ನೇ ಕೊಡುವುದಾಗಿ ಹೇಳಿದರು. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದರು.

ಅಕ್ಕ ತನ್ನ ಹಾಳೆಯನ್ನು ಬೇರೆ ಯಾರದೋ ಫೋಟೋ ನೋಡುವಂತೆ ನೋಡುತ್ತಿದ್ದಳು. ತಿರುಗಿಸಿ ಹಿಂಬದಿ ನೋಡಿದಳು, ಸಂಖ್ಯೆ ನೋಡಿದಳು. ಬೇಜಾರು ಮಾಡಿಕೊಳ್ಳಬೇಡ ಎಂದು ಕೋಚ್ ಹೇಳಿದ್ದು ಅವಳಿಗೆ ಕೇಳಿಸಿದಂತಿರಲಿಲ್ಲ. ಕೊನೆಗೆ ತಲೆ ಎತ್ತಿ, ಎಷ್ಟೋ ದಿನಗಳ ಮೇಲೆ, ತಂಗಿಯನ್ನು ಮಾತಾಡಿಸಿದಳು.

"ಪುಟ್ಟಿ... ಏನೇ ಮಾಡ್ದೆ ನೀನು?"

ತಂಗಿ, ನಟ್ಟನಡುವೆ ಕಿತ್ತುಹೋದ ತನ್ನ ಹಾಳೆಯನ್ನು ಹಿಡಿದುಕೊಂಡು ನಿಂತೇ ಇದ್ದಳು. ಆ ಹಾಳೆಗೆ ಅವಳು ಒಂದು ಗುಂಡನ್ನೂ ಹೊಡೆದಿರಲಿಲ್ಲ.